ಅಜ್ಜಿಯ ರೇಡಿಯೋ, ಮೊಮ್ಮಗನ ಗಿಟಾರು

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆ ಶುರುವಾದ ಮಾರನೆಯ ದಿನವೇ ಮೊಮ್ಮಗ ಒಂದು ಹಾಳೆ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತ. ಆಗ ಅವನು ಎಂಟನೇ ತರಗತಿ ಮುಗಿಸಿದ್ದ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಸರ್ಕ್ಯೂಟ್ ಚಿತ್ರ.

“ತಾತ, ಇದನ್ನ ನಾವು ಮಾಡಬಹುದಾ?”

ಕನ್ನಡಕ ಹಾಕಿಕೊಂಡು ನೋಡಿದೆ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ತಿರುಗಿಸುವ ಗುಂಡಿ ಎರಡು. ಇಷ್ಟೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಡಿಯೋ ರಿಪೇರಿ ಅಂಗಡಿ ನಡೆಸಿದವನು ನಾನು. ಇದರ ನಾಲ್ಕರಷ್ಟು ಸಾಮಾನಿರುವ ರೇಡಿಯೋಗಳನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಿದ್ದೇನೆ.

“ಇದೇನಿದು?” ಅಂದೆ.

“ಫಜ್ ಪೆಡಲ್ ತಾತ. ಗಿಟಾರಿಗೂ ಆಂಪ್ಲಿಫೈಯರಿಗೂ ಮಧ್ಯೆ ನೆಲದ ಮೇಲೆ ಇಡೋದು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಗುರ್ ಅನ್ನತ್ತೆ. ಅಂಗಡೀಲಿ ತಗೊಳ್ಳೋಕೆ ಹೋದರೆ ಸಾವಿರಗಟ್ಟಲೆ. ಅಪ್ಪ ಗಿಟಾರ್ ಕೊಡಿಸಿದ್ದೇ ಹೆಚ್ಚು, ಇನ್ನೇನೂ ಕೇಳಬೇಡ ಅಂದಿದಾರೆ.”

ಗಿಟಾರಿನ ಇಂಪಾದ ದನಿಯನ್ನು ಕೆಡಿಸಲು ದುಡ್ಡು ಕೊಟ್ಟು ಯಂತ್ರ ಕೊಳ್ಳುತ್ತಾರೆಯೇ ಎಂದು ನನಗೆ ನಗು ಬಂತು. ನಮ್ಮ ಕಾಲದಲ್ಲಿ ಸ್ಪೀಕರು ‘ಗುರ್’ ಎಂದರೆ ಗಿರಾಕಿ ರೇಡಿಯೋ ಹೊತ್ತುಕೊಂಡು ಅಂಗಡಿಗೆ ಓಡಿ ಬರುತ್ತಿದ್ದ. ನಾನು ಅದನ್ನು ಸರಿಮಾಡಿ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಈಗ ಮೊಮ್ಮಗ ಆ ಕಾಯಿಲೆಯನ್ನೇ ಬೇಕು ಅನ್ನುತ್ತಿದ್ದಾನೆ!

ಕೆಟ್ಟದ್ದೇ ಒಳ್ಳೆಯದಾಯಿತು

ಆಮೇಲೆ ಇಬ್ಬರೂ ಕೂತು ಇದರ ಚರಿತ್ರೆ ಓದಿದೆವು. ಮಕ್ಕಳೇ, ನಿಮಗೂ ಅದನ್ನು ಹೇಳಬೇಕು. ಏಕೆಂದರೆ ಇದು ಹುಟ್ಟಿದ್ದೇ ಒಂದು ರಿಪೇರಿಯ ತಾಪತ್ರಯದಿಂದ.

1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡಿನ ಧ್ವನಿಮುದ್ರಣ ನಡೆಯುತ್ತಿತ್ತು. ಗ್ರೇಡಿ ಮಾರ್ಟಿನ್ ಎಂಬವರು ಆರು ತಂತಿಯ ಬಾಸ್ ಗಿಟಾರ್ ನುಡಿಸುತ್ತಿದ್ದರು. ಅವರ ವಾದ್ಯದ ದನಿ ಹಾದುಹೋಗುತ್ತಿದ್ದ ಮಿಕ್ಸರಿನ ಒಂದು ಭಾಗ ಕೆಟ್ಟಿತ್ತು. ದನಿ ಒಡೆದು, ದುಂಬಿ ಝೇಂಕರಿಸಿದ ಹಾಗೆ ಬಂತು. ಅದನ್ನು ಅಳಿಸಿ ಮತ್ತೆ ನುಡಿಸಬಹುದಿತ್ತು. ಆದರೆ ಹಾಗೆಯೇ ಇಟ್ಟರು. ಜನಕ್ಕೆ ಇಷ್ಟವಾಯಿತು. ಆ ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ದನಿಯನ್ನೇ ಬೇಕೆಂದಾಗ ಬರಿಸುವ ಒಂದು ಪುಟ್ಟ ಸರ್ಕ್ಯೂಟನ್ನು ಗೆಳೆಯರೊಬ್ಬರ ಜೊತೆ ಸೇರಿ ಮಾಡಿದರು. ಅದೇ 1962ರಲ್ಲಿ ‘ಮೇಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಅಷ್ಟಾಗಿ ಯಾರೂ ಕೇಳಲಿಲ್ಲ. 1965ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಒಂದು ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿ ಸಿಗದಷ್ಟು ಬೇಡಿಕೆ ಬಂತು.

ಯಂತ್ರಕ್ಕೆ ಕಾಯದೆ ಕೈಗೆ ಸಿಕ್ಕಿದ್ದರಲ್ಲಿ ಈ ದನಿ ಹುಡುಕಿದವರೂ ಇದ್ದರು. 1958ರಲ್ಲಿ ಲಿಂಕ್ ರೇ ಎಂಬ ಗಿಟಾರ್ ವಾದಕ ತನ್ನ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಮಾಡಿದ್ದ. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಎಂಬ ಹುಡುಗ ಬ್ಲೇಡಿನಿಂದ ಸ್ಪೀಕರನ್ನು ಸೀಳಿಹಾಕಿದ್ದ. ಇದನ್ನು ಓದಿದ ಮೊಮ್ಮಗ ನಮ್ಮ ಮನೆಯ ಟಿ.ವಿ.ಯ ಕಡೆ ನೋಡಿದ. “ಅದರ ತಂಟೆಗೆ ಹೋದರೆ ನಿನ್ನ ಅಜ್ಜಿ ಸುಮ್ಮನಿರಲ್ಲ” ಎಂದು ಎಚ್ಚರಿಸಿದೆ.

ಅವನು ತಂದ ಚಿತ್ರ 1966ರಲ್ಲಿ ಲಂಡನ್ನಿನಲ್ಲಿ ಬಂದ ‘ಫಜ್ ಫೇಸ್’ ಎಂಬ ಪೆಡಲ್‌ನದು. ದುಂಡನೆಯ ಲೋಹದ ತಟ್ಟೆ, ಕಣ್ಣುಗಳ ಹಾಗೆ ಎರಡು ಗುಂಡಿ, ಕೆಳಗೆ ನಗುವ ಬಾಯಿ. ಜಿಮಿ ಹೆಂಡ್ರಿಕ್ಸ್ ಎಂಬ ಮಹಾ ವಾದಕನ ಕಾಲಡಿಯಲ್ಲಿ ಇದ್ದದ್ದು ಇದೇ. ಅವನಿಗಾಗಿ ಇಂಥ ಪೆಡಲ್‌ಗಳನ್ನು ಬಿಚ್ಚಿ, ತಿದ್ದಿ, ಹೊಸದಾಗಿ ಕಟ್ಟಿಕೊಡುತ್ತಿದ್ದವರು ರೋಜರ್ ಮೇಯರ್. ಅದಕ್ಕೆ ಮುಂಚೆ ಅವರು ಬ್ರಿಟಿಷ್ ನೌಕಾಪಡೆಯ ಸಂಶೋಧನೆಯಲ್ಲಿ ಕಂಪನ ಮತ್ತು ಶಬ್ದದ ಕೆಲಸ ಮಾಡಿದ್ದರಂತೆ. ಅಲ್ಲಿಂದ ಇಂದಿನವರೆಗೂ ಮನೆಯ ಮೇಜಿನ ಮೇಲೆ ಪೆಡಲ್ ಕಟ್ಟುವವರ ಪರಂಪರೆ ನಿಂತಿಲ್ಲ.

ತಂಬೂರಿಯ ಜೀವಾಳ

“ದನಿ ಕೆಡೋದು ಯಾಕೆ ಚೆನ್ನಾಗಿ ಕೇಳಿಸತ್ತೆ?” ಎಂದು ಮೊಮ್ಮಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೇಳುವುದು ಹೇಗೆ? ಆಗ ನೆನಪಾದದ್ದು ತಂಬೂರಿ.

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಸಣ್ಣ ನೂಲಿನ ಎಳೆ ಇಟ್ಟಿರುತ್ತಾರೆ. ಅದಕ್ಕೆ ‘ಜೀವಾಳ’ ಎನ್ನುತ್ತಾರೆ. ನೂಲು ಇಲ್ಲದಿದ್ದರೆ ತಂತಿ ‘ಟಂಗ್’ ಎಂದು ಸುಮ್ಮನಾಗುತ್ತದೆ. ನೂಲನ್ನು ಸರಿಯಾದ ಜಾಗಕ್ಕೆ ಸರಿಸಿದರೆ ತಂತಿ ಕುದುರೆಯ ಮೈಯನ್ನು ಸವರಿ ಸವರಿ ಝೇಂಕರಿಸುತ್ತದೆ. ತಂತಿಯ ಆಟಕ್ಕೆ ಒಂದು ಅಡ್ಡಿ ಬಂದಾಗ ಮೂಲಸ್ವರದ ಜೊತೆಗೆ ಮೇಲಿನ ಸ್ವರಗಳೂ ಹುಟ್ಟುತ್ತವೆ. ಅವೆಲ್ಲ ಸೇರಿದಾಗಲೇ ನಾದ ತುಂಬಿಕೊಳ್ಳುವುದು.

ಫಜ್ ಪೆಡಲ್ ಮಾಡುವ ಕೆಲಸವೂ ಅದೇ ಜಾತಿಯದು. ಗಿಟಾರಿನ ತಂತಿಯ ಕೆಳಗೆ ಆಯಸ್ಕಾಂತ ಮತ್ತು ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ತಂತಿ ಅಲುಗಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಮೊದಲ ಟ್ರಾನ್ಸಿಸ್ಟರ್ ಆ ಅಲೆಯನ್ನು ದೊಡ್ಡದು ಮಾಡುತ್ತದೆ. ಎರಡನೆಯದು ಇನ್ನೂ ದೊಡ್ಡದು ಮಾಡಲು ಹೋಗುತ್ತದೆ. ಆದರೆ ಬ್ಯಾಟರಿ ಇರುವುದು 9 ವೋಲ್ಟಿನದು. ಅಲೆ ಅದಕ್ಕಿಂತ ಎತ್ತರ ಏಳಲಾರದು. ಸೂರು ತಗ್ಗಿರುವ ಮನೆಯಲ್ಲಿ ಜೋಕಾಲಿ ಜೀಕಿದರೆ ಏನಾಗುತ್ತದೆ? ತಲೆ ಸೂರಿಗೆ ಹೊಡೆಯುತ್ತದೆ. ಹಾಗೆಯೇ ಅಲೆಯ ನೆತ್ತಿ ಮತ್ತು ಪಾದ ಎರಡೂ ಚಪ್ಪಟೆಯಾಗುತ್ತವೆ. ದುಂಡಗಿದ್ದ ಅಲೆ ಚೌಕವಾದಾಗ ಅದರಲ್ಲಿ ಮೇಲಿನ ಸ್ವರಗಳು ತುಂಬಿಕೊಳ್ಳುತ್ತವೆ. ಅದೇ ‘ಗುರ್’.

“ಅಂದ್ರೆ ಇದು ಕರೆಂಟಿನ ಜೀವಾಳ!” ಅಂದ ಮೊಮ್ಮಗ. ನಾನು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಯಾವ ಹುಡುಗನೂ ಇಷ್ಟು ಬೇಗ ಹಿಡಿದಿರಲಿಲ್ಲ.

ಜಾಲಹಳ್ಳಿಯ ಟ್ರಾನ್ಸಿಸ್ಟರು

ತೊಡಕು ಬಂದದ್ದು ಸಾಮಾನಿನ ಪಟ್ಟಿಯಲ್ಲಿ. ಹಳೆಯ ಫಜ್ ಫೇಸ್‌ನಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರು. ಈಗ ಎಲ್ಲೆಡೆ ಸಿಗುವುದು ಸಿಲಿಕಾನ್. ಸಿಲಿಕಾನ್ ಹಾಕಿದರೂ ಪೆಡಲ್ ನಡೆಯುತ್ತದೆ, ಆದರೆ ದನಿ ಸ್ವಲ್ಪ ಚೂಪು. ಜರ್ಮೇನಿಯಂನದು ಮೆತ್ತಗೆ, ದುಂಡಗೆ. ಮೊಮ್ಮಗನಿಗೆ ಬೇಕಾದದ್ದು ಅದು.

ಜರ್ಮೇನಿಯಂ ಎಂಬ ಮೂಲವಸ್ತುವಿನ ಕಥೆಯಲ್ಲಿ ಒಂದು ಸಂಸ್ಕೃತ ಪದ ಇದೆ. ರಷ್ಯಾದ ಮೆಂಡಲೀವ್ 1871ರಲ್ಲಿ, ಅದನ್ನು ಯಾರೂ ಕಾಣದೆ ಇದ್ದಾಗಲೇ, ಸಿಲಿಕಾನಿನ ಕೆಳಗಿನ ಮನೆಯಲ್ಲಿ ಇಂಥದೊಂದು ಇರಲೇಬೇಕು ಎಂದು ಹೇಳಿ ‘ಏಕ ಸಿಲಿಕಾನ್’ ಎಂದು ಹೆಸರಿಟ್ಟ. ನಮ್ಮ ‘ಏಕ’ವೇ ಅದು. 1886ರಲ್ಲಿ ಜರ್ಮನಿಯ ವಿಂಕ್ಲರ್ ಅದನ್ನು ಕಂಡುಹಿಡಿದು ತನ್ನ ದೇಶದ ಹೆಸರಿಟ್ಟ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾಡಿದ ಮೊಟ್ಟಮೊದಲ ಟ್ರಾನ್ಸಿಸ್ಟರೂ ಜರ್ಮೇನಿಯಂನದೇ.

ಮೊಮ್ಮಗನ ಹಾಳೆಯಲ್ಲಿ ಟ್ರಾನ್ಸಿಸ್ಟರಿನ ಹೆಸರು ‘ಎಸಿ 128’ ಎಂದಿತ್ತು. ಅದನ್ನು ಓದುತ್ತಲೇ ನನ್ನ ಮನಸ್ಸು ನಲವತ್ತು ವರ್ಷ ಹಿಂದಕ್ಕೆ ಹೋಯಿತು. ಕಿರುಬೆರಳಿನ ಉಗುರಿಗಿಂತ ಸಣ್ಣ ಲೋಹದ ಡಬ್ಬಿ, ಮೂರು ಕಾಲು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ, ಅಂದರೆ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಇವನ್ನು ಮಾಡುತ್ತಿತ್ತು. ದೇಶದ ಹಳ್ಳಿಹಳ್ಳಿಯ ರೇಡಿಯೋಗಳಲ್ಲಿ ಇವು ಇರುತ್ತಿದ್ದವು. ಆ ಕಾಲದಲ್ಲಿ ರೇಡಿಯೋವನ್ನೇ ಜನ ‘ಟ್ರಾನ್ಸಿಸ್ಟರು’ ಎಂದು ಕರೆಯುತ್ತಿದ್ದರು. ಹಿರಿಯ ಓದುಗರಿಗೆ ನೆನಪಿರಬೇಕು. ಲಂಡನ್ನಿನ ಫಜ್ ಫೇಸ್ ತೆರೆದರೆ ಕೆಲವು ಸಲ ಅದರೊಳಗೂ ಇದೇ ಎಸಿ 128.

“ಈಗ ಎಲ್ಲಿ ಸಿಗತ್ತೆ ತಾತ?”

ನಾನು ಉತ್ತರ ಹೇಳಲಿಲ್ಲ. ಏಕೆಂದರೆ ಎರಡು ಎಸಿ 128 ನಮ್ಮ ಮನೆಯಲ್ಲೇ ಇದ್ದವು. ಅಟ್ಟದ ಮೇಲೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ನನ್ನ ಹೆಂಡತಿಯ ರೇಡಿಯೋದಲ್ಲಿ.

ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು ಅದು. ಚರ್ಮದ ಕವಚ, ಹೆಗಲಿಗೆ ಹಾಕುವ ಪಟ್ಟಿ. ಬೆಳಗಿನ ಗೀತಾರಾಧನದಿಂದ ಹಿಡಿದು ರಾತ್ರಿಯ ನಾಟಕದವರೆಗೆ ಅಡುಗೆಮನೆಯ ಕಿಟಕಿಯಲ್ಲಿ ಅದು ಹಾಡುತ್ತಿತ್ತು. ಒಂದು ಸಲ ಒಳಗೇ ಮರೆತ ಬ್ಯಾಟರಿಗಳು ನೀರು ಬಿಟ್ಟು ಅದು ಮೂಕವಾಯಿತು. “ಮುಂದಿನ ವಾರ ನೋಡ್ತೀನಿ” ಅಂದೆ. ಊರಿನವರ ರೇಡಿಯೋಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಹೆಂಡತಿಯದನ್ನು ಮಾತ್ರ ಮುಂದಿನ ವಾರಕ್ಕೆ ಹಾಕುತ್ತಲೇ ಬಂದೆ. ದೀಪದ ಬುಡ ಕತ್ತಲೆ. ಕೊನೆಗೊಂದು ದಿನ ತೆರೆದು ನೋಡಿದಾಗ ಬ್ಯಾಟರಿಯ ನೀರು ಬೋರ್ಡಿನ ತಾಮ್ರವನ್ನೇ ತಿಂದುಹಾಕಿತ್ತು. ಸುರುಳಿಗಳೂ ಹಾಳು. ಅಂಗಡಿ ಮುಚ್ಚಿದೆ, ರೇಡಿಯೋ ಅಟ್ಟ ಸೇರಿತು. ಅವಳು ಮತ್ತೆ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

“ಅದನ್ನ ಕೇಳಬೇಕಾದ್ದು ನನ್ನನ್ನಲ್ಲ, ಅಜ್ಜೀನ” ಅಂದೆ ಮೊಮ್ಮಗನಿಗೆ.

ಅವನು ಹೋಗಿ ಕೇಳಿದ. ಅವಳು ಅವರೆಕಾಳು ಹಿಸುಕುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. “ಇನ್ನು ಅದು ಸರಿಹೋಗಲ್ಲ ಅಲ್ವಾ?” ಅಂದಳು. ಎಷ್ಟೋ ವರ್ಷದಿಂದ ಹೇಳಬೇಕಾಗಿದ್ದನ್ನು ಅವತ್ತು ಹೇಳಿದೆ. “ಇಲ್ಲ ಕಣೇ. ಆಗಲೇ ನೋಡಿದ್ದಿದ್ರೆ ಸರಿಹೋಗ್ತಿತ್ತು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ತಗೊಳ್ಳೋ ಪುಟ್ಟ. ಅಟ್ಟದ ಮೇಲೆ ಧೂಳು ತಿನ್ನೋದಕ್ಕಿಂತ ನಿನ್ನ ಹತ್ರ ಹಾಡಲಿ. ಪೆಟ್ಟಿಗೆ ಮಾತ್ರ ನಂಗೆ ವಾಪಸ್ ಕೊಡು” ಅಂದಳು.

ತಪ್ಪು ನನ್ನದು

ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಬಿಸಿ ಆಗದು. ಬೆಸುಗೆ ಬಿಡಿಸುವಾಗ ಅದರ ಕಾಲನ್ನು ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದುಕೊಂಡಿರಬೇಕು. ಹಾಗೆ ಹಿಡಿದರೆ ಬಿಸಿ ಡಬ್ಬಿಯೊಳಗೆ ಹೋಗದೆ ಇಕ್ಕಳಕ್ಕೆ ಇಳಿಯುತ್ತದೆ. ಅಂಗಡಿಗೆ ಬಂದ ಪ್ರತಿ ಹುಡುಗನಿಗೂ ಮೊದಲ ದಿನ ನಾನು ಕಲಿಸುತ್ತಿದ್ದ ಪಾಠವೇ ಇದು.

ಮೊದಲನೆಯದನ್ನು ಹಾಗೆಯೇ ತೆಗೆದೆವು. ಅವನು ಇಕ್ಕಳ ಹಿಡಿದ, ನಾನು ಐರನ್ ಹಿಡಿದೆ. ಕಾಲುಗಳು ಒಂದೊಂದಾಗಿ ಸಲೀಸಾಗಿ ಬಂದವು. ಎರಡನೆಯದಕ್ಕೆ ಅವನು ಇಕ್ಕಳ ಹಿಡಿಯಲು ಬಂದಾಗ “ಬೇಡ ಬಿಡೋ, ಇಂಥವು ಸಾವಿರ ತೆಗೆದಿದೀನಿ” ಅಂದೆ. ಬ್ಯಾಟರಿ ನೀರು ಬಿದ್ದ ಜಾಗ, ಹಳೆಯ ಬೆಸುಗೆ ಕರಗಲಿಲ್ಲ. ಕಣ್ಣು ಮಂಜು, ಕೈ ಸಣ್ಣಗೆ ನಡುಗುತ್ತದೆ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಐರನ್ನನ್ನು ಒತ್ತಿ ಹಿಡಿದೇ ಇದ್ದೆ. ಕೊನೆಗೆ ಟ್ರಾನ್ಸಿಸ್ಟರ್ ಕೈಗೆ ಬಂತು. ಮುಟ್ಟಲಾಗದಷ್ಟು ಬಿಸಿ.

ಮಲ್ಟಿಮೀಟರ್ ಹಚ್ಚಿ ನೋಡಿದೆ. ಕಲೆಕ್ಟರಿಗೂ ಎಮಿಟರಿಗೂ ನಡುವೆ ನೇರ ದಾರಿ. ಅಂದರೆ ಅದು ಸತ್ತಿತ್ತು.

ಮೊಮ್ಮಗ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ನನಗೆ ಹೆಚ್ಚು ನಾಟಿತು. ಅಂಗಡಿಯಲ್ಲಿ ಯಾವನಾದರೂ ಹುಡುಗ ಹೀಗೆ ಮಾಡಿದ್ದರೆ ನಾನು ಎಷ್ಟು ಕೂಗಾಡುತ್ತಿದ್ದೆ! ಹೆಂಡತಿಗೆ ತವರಿನಿಂದ ಬಂದದ್ದನ್ನು ಎರಡು ಸಲ ಹಾಳು ಮಾಡಿದ ಹಾಗಾಯಿತು.

“ತಪ್ಪು ನನ್ನದು ಪುಟ್ಟ. ನೀನು ಇಕ್ಕಳ ತಂದಿದ್ದೆ, ನಾನೇ ಬೇಡ ಅಂದೆ” ಎಂದೆ. ಮೊಮ್ಮಕ್ಕಳ ಮುಂದೆ ಇಂಥ ಮಾತು ಹೇಳುವುದು ನಮ್ಮ ವಯಸ್ಸಿನವರಿಗೆ ಸುಲಭವಲ್ಲ. ಹೇಳಿದ ಮೇಲೆ ಹಗುರವಾಯಿತು. ಅವತ್ತಿನಿಂದ ಐರನ್ ಅವನ ಕೈಗೆ ಕೊಟ್ಟು ಇಕ್ಕಳ ನಾನು ಹಿಡಿದೆ.

ಒಂದು ಹಳೆಯದು, ಒಂದು ಹೊಸದು

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಎಸ್.ಪಿ. ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಆ ರಸ್ತೆಯೇ ಕಾಶಿ. ಹತ್ತು ಅಂಗಡಿ ಅಲೆದೆವು. ಎಸಿ 128 ಎಂದರೆ ಹುಡುಗರು ಮುಖ ನೋಡುತ್ತಾರೆ. ಒಬ್ಬ ಹಿರಿಯ ಅಂಗಡಿಯವರು ಮಾತ್ರ ನಕ್ಕು, “ಆ ಕಾಲ ಹೋಯ್ತು ಸ್ವಾಮಿ” ಅಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಮೊಮ್ಮಗನೇ ದಾರಿ ಹೇಳಿದ. “ಒಂದು ಜರ್ಮೇನಿಯಂ, ಒಂದು ಸಿಲಿಕಾನ್ ಹಾಕಿದರೆ?”

ಯೋಚಿಸಿ ನೋಡಿದೆ. ತಪ್ಪೇನೂ ಇಲ್ಲ. ಜರ್ಮೇನಿಯಂಗೆ ಒಂದು ದೌರ್ಬಲ್ಯ ಇದೆ. ಸುಮ್ಮನಿರುವಾಗಲೂ ಅದರೊಳಗೆ ಸ್ವಲ್ಪ ಕರೆಂಟು ಸೋರುತ್ತಿರುತ್ತದೆ. ಬಿಸಿಲೇರಿದರೆ ಸೋರಿಕೆಯೂ ಏರುತ್ತದೆ. ಮೊದಲನೆಯ ಜಾಗದಲ್ಲಿ ಸೋರಿದರೆ ಎರಡನೆಯದು ಆ ಸೋರಿಕೆಯನ್ನೂ ದೊಡ್ಡದು ಮಾಡಿ ಎಲ್ಲ ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಮೊದಲ ಜಾಗಕ್ಕೆ ಸೋರದ ಸಿಲಿಕಾನ್, ಎರಡನೆಯ ಜಾಗಕ್ಕೆ ಅಜ್ಜಿಯ ಜರ್ಮೇನಿಯಂ. ಸಿಲಿಕಾನಿನಲ್ಲಿ ಬಿಸಿ 558 ಎಂಬುದು ಅದೇ ಪಿಎನ್‌ಪಿ ಜಾತಿಯದು. ಪೆಟ್ಟಿಗೆಯಲ್ಲಿ ಇತ್ತು.

ಜೋಡಿಸುವಾಗ ಅವನಿಗೆ ಇನ್ನೊಂದು ಅನುಮಾನ. “ತಾತ, ಇದರಲ್ಲಿ ಬ್ಯಾಟರಿಯ ಪ್ಲಸ್ಸನ್ನ ಗ್ರೌಂಡಿಗೆ ಕೊಟ್ಟಿದಾರೆ. ಚಿತ್ರ ತಪ್ಪಲ್ವಾ?” ತಪ್ಪಲ್ಲ. ಪಿಎನ್‌ಪಿ ಟ್ರಾನ್ಸಿಸ್ಟರಿನ ಕಾಲದಲ್ಲಿ ಹಾಗೆಯೇ. ಅಜ್ಜಿಯ ರೇಡಿಯೋದಲ್ಲೂ ಪ್ಲಸ್ಸೇ ಗ್ರೌಂಡು. ಈಗಿನವರಿಗೆ ಅದು ತಲೆಕೆಳಗಾಗಿ ಕಾಣುತ್ತದೆ.

8.2 ಕಿಲೋಓಮಿನ ರೆಸಿಸ್ಟರಿನ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ಪುಟ್ಟ ಪ್ರಿಸೆಟ್ ಹಾಕಿದೆವು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ 4.5 ವೋಲ್ಟ್ ಆಸುಪಾಸು ಬರುವವರೆಗೆ ಅದನ್ನು ತಿರುಗಿಸಬೇಕು. ಅರ್ಧದಲ್ಲಿ ನಿಂತರೆ ಅಲೆಗೆ ಮೇಲೂ ಕೆಳಗೂ ಸಮನಾದ ಜಾಗ ಸಿಗುತ್ತದೆ. ಮೀಟರಿನ ಅಂಕಿ ನೋಡುತ್ತಾ ಮೊಮ್ಮಗ ಎಸಿ 128ರ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದ. ಅಂಕಿ ಸರಿಯತೊಡಗಿತು! ಬೆರಳಿನ ಬಿಸಿಯೇ ಸಾಕಾಗಿತ್ತು. “ಇದಕ್ಕೆ ನಾನು ಮುಟ್ಟಿದ್ದು ಗೊತ್ತಾಗತ್ತೆ ತಾತ” ಅಂದ.

ಅಡುಗೆಮನೆಯಿಂದ ಬಂದ ಅಜ್ಜಿ

ಡಬ್ಬಿಗೆ ಹಾಕುವ ಮುಂಚೆ, ಬರಿಯ ಬೋರ್ಡಿನಲ್ಲೇ ಪರೀಕ್ಷೆ ಮಾಡೋಣ ಎಂದು ಆಂಪ್ಲಿಫೈಯರ್ ಹಾಕಿದೆವು. ಅವನು ಒಂದು ತಂತಿ ಮೀಟಿದ. ಗುರ್! ಅದು ಮೂಡಿದ ರೀತಿಗೆ ಅವನ ಮುಖ ಅರಳಿತು. ನನಗೂ, ನಿಜ ಹೇಳುತ್ತೇನೆ, ಇಷ್ಟವಾಯಿತು. ಸ್ವರ ಬಹಳ ಹೊತ್ತು ನಿಂತಿತು. ಶಂಖ ಊದಿದ ಹಾಗೆ ಇತ್ತು.

ಅವನು ಗಿಟಾರ್ ಕೆಳಗಿಡಲು ಕೇಬಲ್ಲನ್ನು ಗಿಟಾರಿನಿಂದ ಕಿತ್ತ. ಕೇಬಲ್ಲಿನ ಇನ್ನೊಂದು ತುದಿ ಬೋರ್ಡಿನಲ್ಲೇ ಇತ್ತು. ಸ್ಪೀಕರಿನಲ್ಲಿ ಗೊರಗೊರ ಸದ್ದು. ಅದರ ಹಿಂದೆ, ಬಾವಿಯೊಳಗಿಂದ ಬಂದ ಹಾಗೆ, ಒಂದು ಹೆಂಗಸಿನ ದನಿ. ಕನ್ನಡದಲ್ಲಿ ಏನೋ ಓದುತ್ತಿದ್ದಾಳೆ.

ಇಬ್ಬರೂ ಬೆಪ್ಪಾದೆವು. ಅಷ್ಟರಲ್ಲಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ನನ್ನ ಹೆಂಡತಿ ಬಂದಳು. “ರೀ, ರೇಡಿಯೋ ಸರಿಮಾಡಿಬಿಟ್ರಾ?”

ಸರಿಮಾಡಿರಲಿಲ್ಲ. ಅದು ತಾನಾಗಿಯೇ ಬಂದಿತ್ತು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಕೇಂದ್ರ 612 ಕಿಲೋಹರ್ಟ್ಸ್‌ನದು. ಆ ಅಲೆ ನಮ್ಮ ಮನೆಯ ಮೇಲೆಲ್ಲ ಹಾದುಹೋಗುತ್ತಿರುತ್ತದೆ. ಉದ್ದನೆಯ ಕೇಬಲ್ಲು ಏರಿಯಲ್‌ನಂತೆ ಅದನ್ನು ಹಿಡಿಯಿತು. ಟ್ರಾನ್ಸಿಸ್ಟರಿನ ಒಳಗಿನ ಸಂಧಿ ಕರೆಂಟನ್ನು ಒಂದೇ ದಿಕ್ಕಿನಲ್ಲಿ ಸುಲಭವಾಗಿ ಬಿಡುವುದರಿಂದ, ಅಲೆಯ ಅರ್ಧವನ್ನು ಕತ್ತರಿಸಿ ಅದರೊಳಗಿನ ಮಾತನ್ನು ಬಿಡಿಸಿತು. ಹಳೆಯ ಕಾಲದ ಕ್ರಿಸ್ಟಲ್ ರೇಡಿಯೋ ಕೆಲಸ ಮಾಡುತ್ತಿದ್ದುದು ಹೀಗೆಯೇ. ಲೆಕ್ಕಕ್ಕೆ ಹೇಳುವುದಾದರೆ, ಹಿಡಿದದ್ದು ಮುಂದೆ ಕೂತಿದ್ದ ಹೊಸ ಸಿಲಿಕಾನ್. ಅದನ್ನು ನಮಗೆ ಕೇಳುವಷ್ಟು ದೊಡ್ಡದು ಮಾಡಿದ್ದು ಹಿಂದಿದ್ದ ಅಜ್ಜಿಯ ಎಸಿ 128.

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ವಾರ್ತೆ ಮುಗಿಯುವವರೆಗೂ ಏಳಲಿಲ್ಲ. ಒಲೆಯ ಮೇಲಿನ ಸಾರು ಉಕ್ಕಿತು. ಯಾರೂ ಹೋಗಲಿಲ್ಲ.

ಮೂರನೆಯ ಸ್ವಿಚ್ಚು

ಆದರೆ ಗಿಟಾರ್ ನುಡಿಸುವವನಿಗೆ ಇದು ದೋಷವೇ. ಹಾಡಿನ ಮಧ್ಯೆ ವಾರ್ತೆ ಬಂದರೆ ಏನು ಗತಿ? ಅಲ್ಯೂಮಿನಿಯಂ ಟಿಫಿನ್ ಡಬ್ಬಿಯೊಂದಕ್ಕೆ ತೂತು ಕೊರೆದು ಬೋರ್ಡನ್ನು ಒಳಗಿಟ್ಟೆವು. ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿದೆವು. ಲೋಹದ ಗೋಡೆ ಹೊರಗಿನ ಅಲೆಯನ್ನು ತಡೆಯುತ್ತದೆ. ದನಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೇಬಲ್ಲು ಇನ್ನೂ ಹೊರಗೇ ಇತ್ತಲ್ಲ!

ಅದಕ್ಕೆ ಮದ್ದು ‘102’ ಎಂದು ಬರೆದಿರುವ ಒಂದು ಪುಟ್ಟ ಕೆಪ್ಯಾಸಿಟರು. ಒಂದು ನ್ಯಾನೋಫ್ಯಾರಡ್. ಅದನ್ನು ಒಳಬರುವ ದಾರಿಗೂ ಗ್ರೌಂಡಿಗೂ ನಡುವೆ ಹಾಕಿದರೆ ಸೆಕೆಂಡಿಗೆ ಆರು ಲಕ್ಷ ಸಲ ಅಲುಗುವ ರೇಡಿಯೋ ಅಲೆ ಸುಲಭವಾಗಿ ಗ್ರೌಂಡಿಗೆ ಇಳಿದುಹೋಗುತ್ತದೆ. ಸೆಕೆಂಡಿಗೆ ಕೆಲವು ನೂರು, ಕೆಲವು ಸಾವಿರ ಸಲ ಅಲುಗುವ ಗಿಟಾರಿನ ಅಲೆಗೆ ಆ ದಾರಿ ಬಹಳ ಇಕ್ಕಟ್ಟು. ಅದು ಟ್ರಾನ್ಸಿಸ್ಟರಿನ ಕಡೆಗೇ ಹೋಗುತ್ತದೆ. ಹಾಕಿದ ಕೂಡಲೇ ಆಕಾಶವಾಣಿ ನಿಂತಿತು. ನನಗೆ ಹೆಮ್ಮೆಯಾಯಿತು. “ನೋಡಿದ್ಯೇನೇ, ಹೇಗೆ ನಿಲ್ಲಿಸಿದೆ!” ಅಂದೆ.

“ಹೂಂ” ಅಂದು ಅವಳು ಒಳಗೆ ಹೋದಳು.

ನನಗೆ ಅರ್ಥವಾಗಲಿಲ್ಲ, ಮೊಮ್ಮಗನಿಗೆ ಆಯಿತು. ಆ ಸಂಜೆ ನಾನು ಮಲಗಿ ಎದ್ದು ಬರುವಷ್ಟರಲ್ಲಿ ಅವನು ಡಬ್ಬಿಗೆ ಇನ್ನೊಂದು ತೂತು ಕೊರೆದಿದ್ದ. ಅದಾಗಲೇ ಅದರಲ್ಲಿ ಎರಡು ಸ್ವಿಚ್ಚು ಇದ್ದವು. ಒಂದು ಕಾಲಲ್ಲಿ ಒತ್ತುವುದು. ಇನ್ನೊಂದು ಅವನದೇ ಮಾರ್ಪಾಡು, ಒಳಬರುವ ಕೆಪ್ಯಾಸಿಟರನ್ನು ದೊಡ್ಡದು ಸಣ್ಣದು ಬದಲಾಯಿಸುವುದು. ದೊಡ್ಡದಾದರೆ ದನಿ ದಪ್ಪ, ಸಣ್ಣದಾದರೆ ತೆಳು. ಈಗ ಮೂರನೆಯದು. ನಾನು ಹಾಕಿದ್ದ ಆ 102 ಕೆಪ್ಯಾಸಿಟರನ್ನು ಬೇಕಾದಾಗ ಬಿಡಿಸುವ ಸ್ವಿಚ್ಚು. ಅದರ ಪಕ್ಕದಲ್ಲಿ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ: ‘ಅಜ್ಜಿ’.

ಆ ವರ್ಷ ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಮೊಮ್ಮಗ ಆ ಟಿಫಿನ್ ಡಬ್ಬಿ ಮುಂದಿಟ್ಟುಕೊಂಡು ನುಡಿಸಿದ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡರು, ಹುಡುಗರು ಕುಣಿದರು. ನನ್ನ ಹೆಂಡತಿ ಪಕ್ಕದಮನೆಯವರಿಗೆ “ಅದರೊಳಗಿರೋದು ನಮ್ಮಪ್ಪ ಕೊಟ್ಟ ರೇಡಿಯೋ” ಎಂದು ಹೇಳುತ್ತಿದ್ದಳು.

ಅವಳ ರೇಡಿಯೋದ ಖಾಲಿ ಪೆಟ್ಟಿಗೆ ಈಗ ಅಟ್ಟದ ಮೇಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ತನ್ನ ಹಳೆಯ ಜಾಗದಲ್ಲಿದೆ.

ನೀವೂ ಮಾಡುವಿರಾದರೆ

ಸಾಮಾನು: ಪಿಎನ್‌ಪಿ ಟ್ರಾನ್ಸಿಸ್ಟರ್ 2; ರೆಸಿಸ್ಟರ್ 33 ಕಿಲೋಓಮ್, 8.2 ಕಿಲೋಓಮ್ (ಅಥವಾ ಪ್ರಿಸೆಟ್), 470 ಓಮ್, 100 ಕಿಲೋಓಮ್, ಕೆಪ್ಯಾಸಿಟರ್ 2.2 ಮತ್ತು 22 ಮೈಕ್ರೋಫ್ಯಾರಡ್, 0.01 ಮೈಕ್ರೋಫ್ಯಾರಡ್, ತಿರುಗಿಸುವ ಗುಂಡಿ 1 ಕಿಲೋಓಮ್ (ಫಜ್) ಮತ್ತು 500 ಕಿಲೋಓಮ್ (ವಾಲ್ಯೂಮ್), ಒಂಬತ್ತು ಕಾಲಿನ ಕಾಲೊತ್ತು ಸ್ವಿಚ್ಚು, ಜಾಕ್ 2, 9 ವೋಲ್ಟ್ ಬ್ಯಾಟರಿ, ಲೋಹದ ಡಬ್ಬಿ.

ಒಂದು ಉಪಾಯ: ಒಳಬರುವ ಕಡೆ ಸ್ಟೀರಿಯೋ ಜಾಕ್ ಹಾಕಿ, ಗ್ರೌಂಡಿಗೆ ಹೋಗುವ ಬ್ಯಾಟರಿ ತಂತಿಯನ್ನು ಅದರ ನಡುವಿನ ಕಾಲಿಗೆ ಕೊಡಿ. ಗಿಟಾರಿನ ಕೇಬಲ್ ಸಿಕ್ಕಿಸಿದಾಗ ಮಾತ್ರ ಬ್ಯಾಟರಿ ನಡೆಯುತ್ತದೆ. ಕಿತ್ತರೆ ಆಫ್ ಆಗುತ್ತದೆ.

ಮೊದಲ ಸಲಕ್ಕೆ: ಬ್ರೆಡ್‌ಬೋರ್ಡಿನಲ್ಲಿ ಬೆಸುಗೆ ಇಲ್ಲದೆ ಜೋಡಿಸಿ ನೋಡಿ. ಎರಡೂ ಟ್ರಾನ್ಸಿಸ್ಟರ್ ಸಿಲಿಕಾನಿನದೇ ಆದರೂ ಸರಿ. ಕಾಲುಗಳ ಕ್ರಮ ಒಂದೊಂದಕ್ಕೆ ಒಂದೊಂದು ತರಹ ಇರುತ್ತದೆ, ನೋಡಿಕೊಂಡು ಹಾಕಿ.

ಎಚ್ಚರ: ಬ್ಯಾಟರಿಯಲ್ಲೇ ಕೆಲಸ ಮಾಡಿ, ಗೋಡೆಯ ಕರೆಂಟಿನಲ್ಲಿ ಬೇಡ. ಆಂಪ್ಲಿಫೈಯರನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ಬೆಸುಗೆ ಹಾಕುವಾಗ ದೊಡ್ಡವರು ಪಕ್ಕದಲ್ಲಿರಲಿ, ಕಿಟಕಿ ತೆರೆದಿರಲಿ, ಹೊಗೆ ಮೂಗಿಗೆ ಬೇಡ. ಬೆಸುಗೆಯಲ್ಲಿ ಸೀಸ ಇರಬಹುದು, ಕೆಲಸವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಅಜ್ಜ ಅಜ್ಜಿಯರಿಗೆ: ಅಟ್ಟದ ಮೇಲಿನ ರೇಡಿಯೋ ಇನ್ನೂ ಸರಿಹೋಗುವಂತಿದ್ದರೆ ಅದನ್ನು ಬಿಚ್ಚಲು ಕೊಡಬೇಡಿ, ಈ ವಾರವೇ ರಿಪೇರಿಗೆ ಕೊಡಿ. ‘ಮುಂದಿನ ವಾರ’ ಅನ್ನಬೇಡಿ.